ಅವರ ಹಾಸಿಗೆ, ನಮ್ಮ ಶೇಂಗಾ

ಜಪಾನಿನಲ್ಲಿ ನನಗೆ ಮೊದಲು ಹೊಟ್ಟೆಕಿಚ್ಚಾದದ್ದು ಹಾಸಿಗೆಗಳನ್ನು ನೋಡಿ. ಬಾಣದಂತೆ ಓಡುವ ರೈಲು ನೋಡಿದೆ, ಒಂದು ಚೂರು ಕಸವಿಲ್ಲದ ರಸ್ತೆ ನೋಡಿದೆ, ಬೆರಗಾದೆ, ಅಷ್ಟೇ. ಹೊಟ್ಟೆ ನಿಜವಾಗಿ ಉರಿದದ್ದು ಬಾಲ್ಕನಿಗಳಲ್ಲಿ ಬಿಸಿಲಿಗೆ ಹಾಕಿದ್ದ ಹತ್ತಿ ಹಾಸಿಗೆಗಳನ್ನು ನೋಡಿದಾಗ. ಯಾಕೆಂದು ಹೇಳಬೇಕಾದರೆ ಮದ್ದಿಕೇರದಿಂದಲೇ ಹೊರಡಬೇಕು.

ಮದ್ದಿಕೇರ

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಊರಲ್ಲಿ ಕನ್ನಡ ಶಾಲೆ, ಆಮೇಲೆ ಆದೋನಿಯಲ್ಲಿ ತೆಲುಗು, ಅದರ ಮೇಲೆ ಇಂಗ್ಲಿಷು. ಒಂದು ಭಾಷೆಯಲ್ಲಿ ಜಾಣೆ ಅನ್ನಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಭಾಷೆಯಲ್ಲಿ ದಡ್ಡಿಯಾಗುತ್ತಿದ್ದೆ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳ ತಂಗಿ, ನನ್ನ ಸಣ್ಣವ್ವ. ಅವಳು ಕೂಲಿ ಹೆಂಗಸರ ಗುಂಪಿನ ಮೇಸ್ತ್ರಿ. ಕಳೆ ತೆಗೆಯುವುದಿರಲಿ, ಹತ್ತಿ ಬಿಡಿಸುವುದಿರಲಿ, ಶೇಂಗಾ ಕೀಳುವುದಿರಲಿ, ಹೊಲದವರು ಮೊದಲು ಫೋನು ಮಾಡುವುದು ಅವಳಿಗೆ. ನನ್ನ ಎಂ.ಎಸ್ಸಿ. ಬೆಳೆದದ್ದು ಆ ಹೊಲಗಳಲ್ಲೇ.

ಈಗ ನನಗೆ ನಗರದ ಒಂದು ಸಂಶೋಧನಾ ಕಚೇರಿಯಲ್ಲಿ ಕೆಲಸ. ಗುಡುಗು ಮಳೆ ಎಲ್ಲಿ, ಎಷ್ಟು ಹೊತ್ತಿಗೆ ಬರುತ್ತದೆಂದು ಕಂಪ್ಯೂಟರಿನಿಂದ ಲೆಕ್ಕ ಹಾಕಿಸುವುದು. ಕಂಪ್ಯೂಟರು ಗಾಳಿ, ಬಿಸಿ, ತೇವಗಳ ಲೆಕ್ಕ ಮಾಡಿ ತನ್ನೊಳಗೇ ಮೋಡ ಕಟ್ಟುತ್ತದೆ. ಆದರೆ ಕಟ್ಟಬೇಕಾದ ಜಾಗದಲ್ಲಿ ಕಟ್ಟುವುದಿಲ್ಲ. ಆದೋನಿಯಲ್ಲಿ ಸುರಿಯಬೇಕಾದದ್ದನ್ನು ಎಮ್ಮಿಗನೂರಿನಲ್ಲಿ ಸುರಿಸಿಬಿಡುತ್ತದೆ. ಅದಕ್ಕೇ ರಾಡಾರ್ ಬೇಕು. ರಾಡಾರ್ ಆಕಾಶಕ್ಕೆ ಅಲೆ ಬಿಡುತ್ತದೆ. ಮಳೆಹನಿಗೆ ಬಡಿದು ಆ ಅಲೆ ಮರಳಿ ಬಂದರೆ ಅಲ್ಲಿ ಮಳೆಯಿದೆ ಎಂದು ಗೊತ್ತಾಗುತ್ತದೆ. ಅದು ಕಂಡದ್ದನ್ನು ಮತ್ತೆ ಮತ್ತೆ ಕಂಪ್ಯೂಟರಿಗೆ ತೋರಿಸಿ, "ನಿನ್ನ ಮೋಡ ಅಲ್ಲಲ್ಲ, ಇಲ್ಲಿದೆ" ಎಂದು ಮಕ್ಕಳ ಕಾಪಿ ತಿದ್ದುವ ಹಾಗೆ ತಿದ್ದುತ್ತ ಹೋಗುವುದು ನನ್ನ ಕಸುಬು.

ನಮ್ಮೂರ ತೊಂದರೆ ಏನೆಂದರೆ, ನಮ್ಮ ಲೆಕ್ಕಕ್ಕೆ ಸಿಗುವ ರಾಡಾರ್ ಬಲು ದೂರ. ಭೂಮಿ ಗುಂಡಗಿರುವುದರಿಂದ ಅಲೆ ದೂರ ಹೋದಷ್ಟೂ ನೆಲದಿಂದ ಮೇಲಾಗುತ್ತದೆ. ನಮ್ಮ ಕಡೆಗೆ ಬರುವಷ್ಟರಲ್ಲಿ ಅದು ಆದೋನಿಯ ಕೋಟೆ ಬೆಟ್ಟದ ಮೇಲೆ ಇನ್ನಷ್ಟು ಕೋಟೆ ಬೆಟ್ಟಗಳನ್ನು ಪೇರಿಸಿದಷ್ಟು ಎತ್ತರದಲ್ಲಿ ಹಾದುಹೋಗುತ್ತದೆ. ಕೆಳಗೆ ಹುಟ್ಟುವ ಮೋಡ ಅದಕ್ಕೆ ಕಾಣುವುದಿಲ್ಲ.

ಹೋದ ವರ್ಷ ಶೇಂಗಾ ಕೀಳುವ ಕಾಲದಲ್ಲಿ ಅಂಥದೇ ಒಂದು ಮೋಡ ಸಣ್ಣವ್ವನ ಗುಂಪಿನ ಮೇಲೆ ಬಂತು. ಪಕ್ಕದ ಹೊಲಕ್ಕೆ ಸಿಡಿಲು ಬಿತ್ತು. ಯಾರ ಜೀವವೂ ಹೋಗಲಿಲ್ಲ. ಗುಂಪಿನ ಹುಸೇನಮ್ಮನ ಎಡಗಿವಿ ಹೋಯಿತು.

"ಫೋನಿಗೆ ಮೆಸೇಜು ಬಂದಿರಲಿಲ್ಲೇನು ಸಣ್ಣವ್ವ?" ಎಂದು ಕೇಳಿದೆ.

"ಬಂದಿತ್ತವ್ವಾ, ಯಾಕ ಬರಂಗಿಲ್ಲ. ‘ಜಿಲ್ಲಾಲೋ ಕೊನ್ನಿ ಚೋಟ್ಲ ಪಿಡುಗುಲು’ ಅಂತ ದಿನಾ ಬರತೈತಿ."

ಜಿಲ್ಲೆಯ ಕೆಲವು ಕಡೆ ಸಿಡಿಲು ಎಂದು ತೆಲುಗಿನಲ್ಲಿ ಬರುವ ಮೆಸೇಜು ಅದು.

"ಕೊನ್ನಿ ಚೋಟ್ಲ ಅಂದ್ರ ಯಾವ ಕಡಿ? ನಾ ಕುಂತ ಹೊಲ ಅದರಾಗ ಐತೋ ಇಲ್ಲೋ? ಅಷ್ಟ ಹೇಳಾಕ ಬರಂಗಿಲ್ಲ ಅಂದ್ರ ನೀ ಇಷ್ಟ ವರ್ಷ ಓದಿದ್ದೇನು?"



ಈ ವರ್ಷ ಜಪಾನಿನ ಒಂದು ಸಂಸ್ಥೆ ಐದು ದೇಶಗಳಿಂದ ಒಬ್ಬೊಬ್ಬರನ್ನು ತರಬೇತಿಗೆ ಕರೆಯಿತು. ಅವರ ಹತ್ತಿರ ಗಾಡಿಯ ಮೇಲೆ ಕೂರಿಸಿದ ಒಂದು ಸಣ್ಣ ರಾಡಾರ್ ಇತ್ತು. ಐವರೂ ತಮ್ಮೂರಿನ ಒಂದೊಂದು ಗುಡುಗು ಮಳೆಯ ಲೆಕ್ಕ ಮಾಡಿ ತೋರಿಸಬೇಕು. ಯಾರ ಕೆಲಸ ಒಪ್ಪಿಗೆಯಾಗುತ್ತದೋ ಅವರ ದೇಶಕ್ಕೆ ಆ ರಾಡಾರನ್ನು ಒಂದು ಮಳೆಗಾಲದ ಮಟ್ಟಿಗೆ ಕೊಡುತ್ತಾರೆ. ಅದು ನನಗೆ ಬೇಕಿತ್ತು. ಸರ್ಟಿಫಿಕೇಟು ಯಾರಿಗೆ ಬೇಕು? ಆ ಗಾಡಿ ಆದೋನಿಯ ಕೋಟೆ ಬೆಟ್ಟ ಹತ್ತಬೇಕು, ಅಲ್ಲಿಂದ ಮದ್ದಿಕೇರದ ಹೊಲಗಳನ್ನು ನೋಡಬೇಕು.

ಹೊರಡುವ ದಿನ ಸಣ್ಣವ್ವ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ನನ್ನ ಚೀಲಕ್ಕೆ ತುರುಕಿದಳು. "ಆ ಮಶೀನ್ ತೊಗೊಂಡ ಬಾ. ಇಲ್ಲಾಂದ್ರ ಅಲ್ಲೇ ಯಾವನ್ನರ ಕಟ್ಟಿಕೊಂಡು ಇದ್ದಬಿಡು" ಎಂದಳು.

ತ್ಸುಕುಬಾ

ನಾನು ಉಳಿದುಕೊಂಡದ್ದು ತ್ಸುಕುಬಾ ಎಂಬ ಊರಿನ ಒಂದು ಓಣಿಯಲ್ಲಿ, ಕಾಟೋ ಸಾನ್ ಎಂಬ ಮುದುಕಿಯ ಮನೆಯ ಮಹಡಿಯ ಮೇಲೆ. ಅಲ್ಲಿ ಎಲ್ಲರ ಹೆಸರಿಗೂ "ಸಾನ್" ಹಚ್ಚುತ್ತಾರೆ, ನಮ್ಮಲ್ಲಿ ಮಾತಿಗೆ "ರಿ" ಹಚ್ಚಿದ ಹಾಗೆ. ನಾನು ಗಂಗಮ್ಮ ಹೋಗಿ ಗಂಗಾ ಸಾನ್ ಆದೆ. ಆಗಸ್ಟ್ ತಿಂಗಳು. ಬಿಸಿಲು ನಮ್ಮ ಕಡೆಯದೇ, ಬೆವರು ಮಾತ್ರ ಸಮುದ್ರದ ಕಡೆಯದು.

ಆ ಓಣಿಯವರಿಗೆ ಬಿಸಿಲು ಕಂಡರೆ ಹಾಸಿಗೆ ನೆನಪಾಗುತ್ತದೆ. ರಾತ್ರಿ ನೆಲದ ಮೇಲೆ ಹಾಸಿ ಮಲಗುವ ಹತ್ತಿಯ ಹಾಸಿಗೆಯನ್ನು ಬೆಳಿಗ್ಗೆ ಬಾಲ್ಕನಿಯ ಕಂಬಿಗೆ ಹೊದಿಸಿ, ಎರಡು ದೊಡ್ಡ ಕ್ಲಿಪ್ಪು ಹಾಕಿ ಬಿಡುತ್ತಾರೆ. ಮಹಡಿಯಿಂದ ನೋಡಿದರೆ ಓಣಿ ತುಂಬ ಮನೆಗಳು ನಾಲಿಗೆ ಹೊರಗೆ ಹಾಕಿ ಕೂತ ಹಾಗೆ ಕಾಣುತ್ತವೆ. ಆ ಮಧ್ಯಾಹ್ನ ನಾನೂ ನನ್ನ ಎರಡು ಚೂಡಿದಾರ ಒಗೆದು ತಂತಿಗೆ ಹಾಕಿ, ಅಲ್ಲೇ ನಿಂತು ಬಾಳೆಹಣ್ಣು ತಿನ್ನುತ್ತಿದ್ದೆ.

ಎದುರು ಮನೆಯ ಹಾಸಿಗೆ ಒಳಗೆ ಹೋಯಿತು. ಅದರ ಪಕ್ಕದ್ದೂ ಹೋಯಿತು. ಆಮೇಲೆ ಒಂದರ ಹಿಂದೆ ಒಂದು, ಒಂದು ಕೂಗಿಲ್ಲ, ಗಡಿಬಿಡಿಯಿಲ್ಲ, ಇಡೀ ಓಣಿ ತನ್ನ ನಾಲಿಗೆಗಳನ್ನು ಒಳಗೆಳೆದುಕೊಂಡಿತು. ನನಗೆ ಗಾಬರಿ. ಯಾರಾದರೂ ಸತ್ತರೇನೋ, ಹೆಣ ಬರುತ್ತಿದೆಯೇನೋ, ಹಾದಿಯಲ್ಲಿ ಹಾಸಿಗೆ ಕಾಣಬಾರದೆಂಬ ಪದ್ಧತಿ ಇರಬಹುದು ಎಂದುಕೊಂಡು ಬಾಳೆಹಣ್ಣನ್ನು ಹಿಂದೆ ಮುಚ್ಚಿಟ್ಟು ಗಂಭೀರವಾಗಿ ನಿಂತೆ. ಮೇಲೆ ನೋಡಿದರೆ ಬಿಸಿಲು ಹಾಗೇ ಇತ್ತು.

ಸ್ವಲ್ಪ ಹೊತ್ತಿಗೆ ಮನೆಗಳ ಹಿಂದಿನಿಂದ ಕಪ್ಪಗೆ ಎದ್ದು ಬಂದ ಮಳೆ ಕೊಡದಿಂದ ಸುರಿದ ಹಾಗೆ ಸುರಿಯಿತು. ಓಣಿಯಲ್ಲಿ ತೊಯ್ದದ್ದು ಎರಡೇ: ನನ್ನ ಚೂಡಿದಾರಗಳು ಮತ್ತು ನಾನು. ಅವರ ದೇಶಕ್ಕೆ ಗುಡುಗು ಮಳೆಯ ಮುನ್ಸೂಚನೆ ಕಲಿಯಲು ಹೋದವಳು!

ಕಾಟೋ ಸಾನ್ ಟವೆಲ್ಲು ತಂದುಕೊಟ್ಟು ತನ್ನ ಫೋನು ತೋರಿಸಿದಳು. ಅದರಲ್ಲಿ ಓಣಿಯ ನಕ್ಷೆ, ಅದರ ಮೇಲೆ ಬಣ್ಣದ ಚೌಕಗಳು. ಬೆರಳಿನಿಂದ ಎಳೆದರೆ ಮುಂದೇನಾಗುತ್ತದೆಂದು ಚೌಕಗಳು ತೆವಳಿಕೊಂಡು ಹೋಗಿ ತೋರಿಸುತ್ತಿದ್ದವು: ಈಗ ನಮ್ಮ ಓಣಿ, ಆಮೇಲೆ ಶಾಲೆಯ ಹತ್ತಿರ, ಆಮೇಲೆ ಹೊಳೆಯಾಚೆ. "ಕೊನ್ನಿ ಚೋಟ್ಲ" ಇರಲಿಲ್ಲ. ಕನ್ನಡಕ ಹಾಕಿಕೊಂಡ ಒಬ್ಬ ಮುದುಕಿಗೆ ತನ್ನ ಹಾಸಿಗೆಯ ಮೇಲೆ ಬೀಳಲಿರುವ ಮಳೆ ಮುಂಚೆಯೇ ಗೊತ್ತಿತ್ತು. ಅವಳು ಅದನ್ನು ನಮ್ಮಲ್ಲಿ ಗಡಿಯಾರ ನೋಡಿದಷ್ಟು ಸಲೀಸಾಗಿ ನೋಡಿ, ಫೋನನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ನನಗೆ ಚಹಾ ಮಾಡಲು ಹೋದಳು. ಟವೆಲ್ಲಿನೊಳಗೆ ಮುಖ ಮುಚ್ಚಿಕೊಂಡೇ ನಾನು ಉರಿದೆ.

ತರಗತಿ

ಐದು ಜನರಲ್ಲಿ ಮೂವರ ಮೇಲೆ ನನಗೆ ಯಾವ ದೂರೂ ಇಲ್ಲ. ನಾಲ್ಕನೆಯವಳು ವಿಯೆಟ್ನಾಮಿನ ಲಾನ್. ನನ್ನದೇ ವಯಸ್ಸು. ಅವಳಪ್ಪ ಹವಾಮಾನ ಕಚೇರಿಯಲ್ಲಿದ್ದವನಂತೆ. ಮೋಡದ ಹೆಸರುಗಳನ್ನು ಅವಳು ಅಪ್ಪನ ತೊಡೆಯ ಮೇಲೆ ಕಲಿತವಳು. ನಾನು ಅವನ್ನು ಲೈಬ್ರರಿಯಲ್ಲಿ, ಇನ್ನೊಬ್ಬರು ವಾಪಸು ಕೇಳುವ ಮುಂಚೆ, ಕಾಪಿ ಮಾಡಿಕೊಂಡು ಕಲಿತವಳು. ಲಾನ್ ಜಪಾನಿ ಮಾತಾಡುತ್ತಿದ್ದಳು. ಕಡ್ಡಿಗಳಿಂದ ಅನ್ನದ ಕೊನೆಯ ಅಗುಳನ್ನೂ ಎತ್ತುತ್ತಿದ್ದಳು. ನಾನು ಊಟಕ್ಕೆ ಮುಂಚೆಯೇ ಚಮಚ ಹುಡುಕುತ್ತಿದ್ದೆ.

ಅವಳ ಗುಡುಗು ಮಳೆ ಅವಳೂರಿನ ಬೆಟ್ಟದ ಕಣಿವೆಯದು. ರಾಡಾರಿನ ಮಾಹಿತಿ ಕಂಪ್ಯೂಟರಿಗೆ ಕೊಟ್ಟಳೋ ಇಲ್ಲವೋ, ಮೋಡ ಬಂದು ಸರಿಯಾದ ಕಣಿವೆಯಲ್ಲಿ ಕುಳಿತುಬಿಟ್ಟಿತು. ನಮ್ಮ ಮೇಷ್ಟರು ಮೋರಿ ಸಾನ್ ಮಾತು ಕಡಿಮೆಯ ಮನುಷ್ಯ. ಅವಳ ಪರದೆ ನೋಡಿ "ಹೋ" ಎಂದರು. ನನ್ನ ಪರದೆಗೆ ಬಂದು ಏನೂ ಅನ್ನಲಿಲ್ಲ.

ನನ್ನದು ಹುಸೇನಮ್ಮನ ಕಿವಿ ತೆಗೆದ ಮಳೆ. ರಾಡಾರಿಲ್ಲದೆ ಲೆಕ್ಕ ಮಾಡಿಸಿದರೆ ಕಂಪ್ಯೂಟರು ಬಳ್ಳಾರಿ ಕಡೆ ಒಂದು ಮೋಡವನ್ನಾದರೂ ಎಬ್ಬಿಸುತ್ತಿತ್ತು. ರಾಡಾರಿನ ಮಾಹಿತಿ ಕೊಟ್ಟು ತಿದ್ದಿದರೆ ಅದೂ ಸಾಯುತ್ತಿತ್ತು. ಗುಂತಕಲ್ ದಾಟಿ ಮದ್ದಿಕೇರಕ್ಕೆ ಬರುವಷ್ಟರಲ್ಲಿ ಕಂಪ್ಯೂಟರಿನ ಆಕಾಶ ಒರೆಸಿಟ್ಟ ಹಲಗೆ. ಔಷಧ ಕೊಟ್ಟಷ್ಟೂ ರೋಗಿ ಸೊರಗುವ ಹಾಗೆ, ತಿದ್ದಿದಷ್ಟೂ ಕೆಡುತ್ತಿತ್ತು. ಗಾಳಿಯ ಲೆಕ್ಕ ಬದಲಿಸಿದೆ, ತೇವ ಹೆಚ್ಚಿಸಿದೆ, ಮೊದಲಿಂದ ಮತ್ತೆ ಮಾಡಿದೆ. ಪಕ್ಕದಲ್ಲಿ ಲಾನ್ ತನ್ನ ಮೋಡದ ಚಿತ್ರಕ್ಕೆ ಯಾವ ನೀಲಿ ಚೆನ್ನ ಎಂದು ಆರಿಸುತ್ತಿದ್ದಳು.

ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟು ಸುಖವಾಗಿರುತ್ತಿತ್ತು! ಆದರೆ ಅವಳು ದಿನಾ ನನಗೂ ಸೇರಿಸಿ ಎರಡು ಲೋಟ ಚಹಾ ತರುತ್ತಿದ್ದಳು.

ಉತ್ಸುನೊಮಿಯಾ

ಭಾನುವಾರ ಲಾನ್ ನನ್ನನ್ನು ಉತ್ಸುನೊಮಿಯಾಕ್ಕೆ ಎಳೆದುಕೊಂಡು ಹೋದಳು. ಆ ಊರಿಗೆ ಗುಡುಗಿನ ಊರೆಂದೇ ಹೆಸರು. ಬೇಸಿಗೆಯ ಸಂಜೆಗಳಲ್ಲಿ ಬೆಟ್ಟದ ಕಡೆಯಿಂದ ಮೋಡ ಇಳಿದು ಬಂದು ಗುಡುಗುತ್ತದೆ. ಊರವರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಮಿಂಚನ್ನು ಅವರು ಭತ್ತದ ಜೊತೆಗಾರ ಅನ್ನುತ್ತಾರಂತೆ, ಮಿಂಚಿದ ವರ್ಷ ಕಾಳು ತುಂಬುತ್ತದೆಂದು ನಂಬಿಕೆಯಂತೆ. ಸಿಡಿಲನ್ನು ನಂಟನ ಹಾಗೆ ಕರೆಯಲು ಮೊದಲು ತಲೆಯ ಮೇಲೆ ಒಂದು ಸೂರು ಗಟ್ಟಿ ಇರಬೇಕು. ನಮ್ಮ ಕಡೆ ಸಿಡಿಲಿನ ಹೆಸರನ್ನು ಬೈಗುಳಕ್ಕೆ ಬಳಸುತ್ತೇವೆ.

ರೈಲಿನಲ್ಲಿ ನಾವು ಮುಂದಿನ ಡಬ್ಬಿಯಲ್ಲಿ, ಚಾಲಕನ ಗಾಜಿನ ಹಿಂದೆಯೇ ನಿಂತಿದ್ದೆವು. ಬಿಳಿ ಕೈಗವಸು ಹಾಕಿದ ಆ ಮನುಷ್ಯ ಒಬ್ಬನೇ ಇದ್ದರೂ ಮಾತಾಡುತ್ತಿದ್ದ. ಸಿಗ್ನಲ್ ಬಂದರೆ ಅದರತ್ತ ಬೆರಳು ಚಾಚಿ ಏನೋ ಹೇಳುತ್ತಿದ್ದ, ವೇಗದ ಮುಳ್ಳಿನತ್ತ ಬೆರಳು ಚಾಚಿ ಇನ್ನೇನೋ. ನನಗೆ ನಗು ಬಂತು.

"ತಲೆ ಕೆಟ್ಟಿಲ್ಲ" ಎಂದಳು ಲಾನ್. "ಇಲ್ಲಿ ಎಲ್ಲರೂ ಹೀಗೇ. ಕಣ್ಣು ಒಂದನ್ನು ನೋಡುತ್ತದೆ, ಮನಸ್ಸು ಇನ್ನೊಂದನ್ನು ಅಂದುಕೊಂಡುಬಿಡುತ್ತದೆ. ಬೆರಳು ತೋರಿಸಿ ಬಾಯಿಬಿಟ್ಟು ಹೇಳಿದರೆ ತಪ್ಪುವುದಿಲ್ಲ."

"ನಮ್ಮ ಸಣ್ಣವ್ವ ದಿನಾ ಮಾಡ್ತಾಳೆ" ಎಂದೆ, ಬಿಟ್ಟುಕೊಡಬಾರದೆಂದು. ಸುಳ್ಳಲ್ಲ. ಸಂಜೆ ಟ್ರ್ಯಾಕ್ಟರು ಹತ್ತುವ ಮುಂಚೆ ಅವಳು ಒಬ್ಬೊಬ್ಬಳತ್ತ ಬೆರಳು ಮಾಡಿ ಹೆಸರು ಕೂಗುತ್ತಾಳೆ, ಅವರು ಓ ಅನ್ನಬೇಕು. ಸಿಡಿಲು ಬಿದ್ದ ಮೇಲೆ ಹುಸೇನಮ್ಮ ಮಾತ್ರ ಓ ಅನ್ನುವುದಿಲ್ಲ. ಆಗ ಸಣ್ಣವ್ವ ಬೈಯುತ್ತ ಸುತ್ತಿ ಬಂದು, ಬಲಗಿವಿಯ ಕಡೆ ನಿಂತು ಮತ್ತೆ ಕೂಗುತ್ತಾಳೆ. ಇದನ್ನು ಹೇಳಿದಾಗ ಲಾನ್ ನಗಲಿಲ್ಲ. "ಅವರ ಮಳೆಯನ್ನೇ ನೀನು ಲೆಕ್ಕ ಮಾಡುತ್ತಿರುವುದಾ?" ಎಂದು ಕೇಳಿದಳು.

ಆ ಊರಿನಲ್ಲಿ ಎಲ್ಲರೂ ತಿನ್ನುವುದು ಮಾಂಸ ತುಂಬಿದ ಕಡಬು. ನಾನು ತಿನ್ನುವವಳಲ್ಲ. ಬರೀ ಅನ್ನ ತರಿಸಿಕೊಂಡು ಮೇಲೆ ಸಣ್ಣವ್ವನ ಚಟ್ನಿಪುಡಿ ಉದುರಿಸಿದೆ. ಲಾನ್ ಒಂದು ಚಿಟಿಕೆ ಕೇಳಿದಳು. ಖಾರಕ್ಕೆ ಕಣ್ಣೀರು ಹಾಕಲಿ ಎಂಬ ಸಣ್ಣ ಆಸೆಯಿಂದ ಧಾರಾಳವಾಗಿ ಕೊಟ್ಟೆ. ಅವಳು ಅದನ್ನು ಕಡಬಿಗೆ ಹಚ್ಚಿ, ಸಾರಿಗೆ ಕಲೆಸಿ, ಕೊನೆಗೆ ಬೆರಳಿಗೆ ಅಂಟಿಸಿಕೊಂಡು ನೆಕ್ಕಿ, ಅರ್ಧ ಡಬ್ಬಿ ಮುಗಿಸಿದಳು. ಕಣ್ಣಲ್ಲಿ ಒಂದು ಹನಿ ಇಲ್ಲ. ಅದರಲ್ಲೂ ಅವಳೇ ಗೆದ್ದಳು.

ಬೆರಳು

ಕೊನೆಯ ವಾರ ಮೋರಿ ಸಾನ್ ಒಬ್ಬೊಬ್ಬರನ್ನೇ ಪರದೆಯ ಮುಂದೆ ನಿಲ್ಲಿಸಿದರು. ರೈಲಿನವನ ಹಾಗೆಯೇ, ಕಂಪ್ಯೂಟರಿಗೆ ಕೊಡುವ ಮಾಹಿತಿಯ ಒಂದೊಂದು ಬಣ್ಣಕ್ಕೂ ಬೆರಳಿಟ್ಟು ಅದೇನೆಂದು ಜೋರಾಗಿ ಹೇಳಬೇಕು. ಎಂ.ಎಸ್ಸಿ. ಮಾಡಿದವಳು ಅಂಗನವಾಡಿ ಮಗುವಿನಂತೆ ಬಣ್ಣ ಓದಬೇಕೆಂದು ನನಗೆ ಸಿಟ್ಟು. ಆದರೂ ಬೆರಳಿಟ್ಟೆ.

"ಕೆಂಪು, ಜೋರು ಮಳೆ. ಹಳದಿ, ಮಧ್ಯಮ. ನೀಲಿ, ತುಂತುರು." ಬೆರಳು ಬಳ್ಳಾರಿಯಿಂದ ಮದ್ದಿಕೇರದ ಕಡೆ ಜಾರಿತು. ಅಲ್ಲೆಲ್ಲ ಬಿಳಿ. "ಬಿಳಿ, ಮಳೆ ಇಲ್ಲ."

"ಇಲ್ಲವಾ?" ಹಿಂದಿನಿಂದ ಲಾನ್ ಕೇಳಿದಳು. "ಅವತ್ತು ಅಲ್ಲಿ ಮಳೆ ಇತ್ತಲ್ಲ. ಹುಸೇನಮ್ಮ ಇದ್ದರಲ್ಲ."

ನನ್ನ ಬೆರಳು ಅಲ್ಲೇ ನಿಂತಿತು.

ಏನಾಗಿತ್ತೆಂದರೆ, ಅವರು ಕೊಟ್ಟ ಪ್ರೋಗ್ರಾಮು ಅವರ ಬಯಲಿಗೆಂದು ಬರೆದದ್ದು. ಅಲ್ಲಿ ಸುತ್ತ ರಾಡಾರುಗಳಿವೆ. ಯಾವುದಕ್ಕೂ ಏನೂ ಕಾಣಲಿಲ್ಲವೆಂದರೆ ನಿಜಕ್ಕೂ ಮಳೆಯಿಲ್ಲ. ಅದಕ್ಕೇ ಅದು ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬುತ್ತದೆ. ನಾನು ಅದನ್ನು ಹಾಗೇ ಎತ್ತಿ ನಮ್ಮೂರಿನ ಮೇಲೆ ಹೊದಿಸಿದ್ದೆ. ನಮ್ಮ ರಾಡಾರ್ ಮದ್ದಿಕೇರದ ನೆತ್ತಿಯ ಮೇಲೆ ಎಲ್ಲೋ ಹಾದು ಹೋಗಿತ್ತು. ಕೆಳಗೆ ಏನಿದೆಯೆಂದು ಅದಕ್ಕೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲ ಅನ್ನಬೇಕಾದ ಕಡೆ ನಾನು ಇಲ್ಲ ಎಂದು ಬರೆದುಕೊಟ್ಟಿದ್ದೆ. ಕಂಪ್ಯೂಟರು ನನ್ನ ಮಾತು ನಂಬಿ ಮೋಡವನ್ನು ಪ್ರತಿ ಸಲವೂ ಅಳಿಸಿತ್ತು. ಓ ಅನ್ನಲಿಲ್ಲವೆಂದು ನಾನು ಹುಸೇನಮ್ಮನನ್ನು ಗುಂಪಿನಿಂದಲೇ ತೆಗೆದುಹಾಕಿದ್ದೆ.

ಸೊನ್ನೆಗಳನ್ನು ತೆಗೆದು, ಕಾಣದ ಜಾಗವನ್ನು ಕಾಣದ ಜಾಗವೆಂದೇ ಗುರುತು ಹಾಕಿ ಮತ್ತೆ ಲೆಕ್ಕ ಹಚ್ಚಿದೆ. ಮಧ್ಯಾಹ್ನದ ಊಟ ಬಿಟ್ಟು ಪರದೆಯ ಮುಂದೆ ಕುಳಿತೆ. ಬಳ್ಳಾರಿ ಕಡೆ ಮೋಡ ಎದ್ದಿತು. ಗುಂತಕಲ್ ದಾಟಿತು. ಎತ್ತರಕ್ಕೆ ಬೆಳೆದ ಮೇಲೆ ದೂರದ ರಾಡಾರಿಗೂ ಅದರ ತಲೆ ಕಂಡಿತು, ಕಂಪ್ಯೂಟರು ಅದನ್ನು ಹಿಡಿದುಕೊಂಡಿತು. ಸ್ವಲ್ಪ ತಡವಾಗಿ, ಸ್ವಲ್ಪ ಬಡಗಣಕ್ಕೆ ಸರಿದು, ಅಂತೂ ಮದ್ದಿಕೇರದ ಮೇಲೆ ಕೆಂಪು ಬಂತು.

ನಮ್ಮೂರಿನ ಮೇಲೆ ಸಿಡಿಲು ಕಂಡು ಕುಣಿದಾಡಿದವಳು ನಾನೊಬ್ಬಳೇ ಇರಬೇಕು. ಲಾನ್ ಕೂಡ ಚಪ್ಪಾಳೆ ತಟ್ಟಿದಳು. ತಪ್ಪು ಹಿಡಿದವಳು ಅವಳು ಎಂಬುದು ಆಮೇಲೆ ನೆನಪಾಗಿ ಚಹಾ ಕಹಿಯಾಯಿತು.

ಕೊನೆಯ ದಿನ

ರಾಡಾರ್ ಲಾನ್‌ಗೆ ಹೋಯಿತು.

ಮೋರಿ ಸಾನ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಅವಳ ಕಣಿವೆಯಲ್ಲಿ ಮಳೆ ಬಂದರೆ ಗುಡ್ಡ ಕುಸಿಯುತ್ತದೆ. ರಾಡಾರ್ ನಿಲ್ಲಿಸಲು ಜಾಗ, ಕರೆಂಟು, ಕಾಯುವ ಜನ, ಎಲ್ಲ ತಯಾರಿದೆ. ನಿಮ್ಮ ಲೆಕ್ಕ ನಿನ್ನೆಯಷ್ಟೇ ಸರಿಯಾಗಿದೆ. ಇರುವ ರಾಡಾರ್ ಕೊಡುವ ಸ್ವಲ್ಪವನ್ನು ಮೊದಲು ಪೂರ್ತಿ ಬಳಸಿ ನೋಡಿ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ."

ನ್ಯಾಯವಾದ ಮಾತು. ನ್ಯಾಯವಾದ್ದರಿಂದಲೇ ಜಗಳ ಮಾಡಲಿಕ್ಕೂ ಬರಲಿಲ್ಲ. ನಾನು ಅವರ ಹಾಗೆಯೇ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, ಸೀದಾ ಟಾಯ್ಲೆಟ್ಟಿಗೆ ಹೋದೆ. ಜಪಾನಿನ ಹೆಂಗಸರ ಟಾಯ್ಲೆಟ್ಟುಗಳಲ್ಲಿ ಒಂದು ಗುಂಡಿಯಿದೆ; ಒತ್ತಿದರೆ ಸುಮ್ಮನೆ ನೀರು ಹರಿಯುವ ಸದ್ದು ಬರುತ್ತದೆ, ಒಳಗಿನ ಸಪ್ಪಳ ಹೊರಗೆ ಕೇಳಬಾರದೆಂದು. ಅದನ್ನು ಒತ್ತಿ ಅತ್ತೆ. ಸದ್ದು ತಾನೇ ನಿಂತುಬಿಡುತ್ತದೆ. ಮತ್ತೆ ಒತ್ತಿದೆ. ನಾಚಿಕೆಗೂ ಇಷ್ಟು ಅನುಕೂಲ ಮಾಡಿಕೊಂಡ ದೇಶ!

ಹೊರಗೆ ಲಾನ್ ಕಾಯುತ್ತಿದ್ದಳು. "ಆ ಪುಡಿ ಇನ್ನೂ ಇದೆಯಾ?" ಎಂದಳು.

ಉಳಿದರ್ಧ ಡಬ್ಬಿಯನ್ನು ಅವಳ ಕೈಗೆ ಕೊಟ್ಟೆ. ಪ್ರೀತಿಯಿಂದ ಕೊಟ್ಟೆನೋ, ನೀನೇ ಎಲ್ಲ ತೆಗೆದುಕೋ ಎಂದು ಕೊಟ್ಟೆನೋ, ಇವತ್ತಿಗೂ ಹೇಳಲಾರೆ.

ಮತ್ತೆ ಮದ್ದಿಕೇರ

ಮನೆ ಹೊಕ್ಕಾಗ ಸಣ್ಣವ್ವ ನನ್ನ ಚೀಲದ ಹಿಂದೆ ನೋಡಿದಳು, ಗಾಡಿಯೊಂದು ಬರುತ್ತದೇನೋ ಎನ್ನುವ ಹಾಗೆ. "ಬರಿಗೈಲೆ ಬಂದೇನು?"

"ಬೇರೆಯವರಿಗೆ ಕೊಟ್ಟರು."

"ಮತ್ತ ಇಷ್ಟ ದಿನ ಅಲ್ಲೇನ ಮಾಡಿದಿ?"

"ಬಣ್ಣ ಓದೋದು ಕಲಿತೆ."

"ಸರೇಲೇ. ಕೈಕಾಲು ಮಾರಿ ತೊಳಕೊಂಡು ಉಣ್ಣಾಕ ಬಾ."

ಕಚೇರಿಗೆ ಮರಳಿದ ಮೇಲೆ ನಮ್ಮ ಲೆಕ್ಕದಲ್ಲೂ ಸೊನ್ನೆಗಳನ್ನು ತಿದ್ದಿದೆವು. ಪರೀಕ್ಷೆಗೆಂದು ನಡೆಸುವ ಲೆಕ್ಕ ಅದು, ಊರಿಗೆಲ್ಲ ಸಾರುವಂತಿಲ್ಲ. ಶೇಂಗಾ ಕೀಳುವ ಕಾಲ ಬಂತು. ಒಂದು ಮಧ್ಯಾಹ್ನ ಗುಂತಕಲ್ ಈಚೆ ಕೆಂಪು ಮೂಡಿ ಮದ್ದಿಕೇರದ ಕಡೆ ತೆವಳತೊಡಗಿತು. ನಾನು ಸಣ್ಣವ್ವನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಫೋನು ಬುತ್ತಿ ಗಂಟಿನೊಳಗೆ, ಗಂಟು ಬದುವಿನ ಮೇಲೆ, ಅವಳು ಸಾಲಿನ ನಡುವೆ ಇರುತ್ತಾಳೆಂದು ಗೊತ್ತು. ಎತ್ತಲಿಲ್ಲ ಎಂದರೆ ಇಲ್ಲ ಎಂದಲ್ಲ. ಮತ್ತೆ ಮಾಡಿದೆ, ಮತ್ತೆ ಮಾಡಿದೆ.

"ಏನದು, ಕೆಲಸದಾಗ?" ಎಂದು ಕೊನೆಗೆ ಎತ್ತಿದಳು.

"ಸಣ್ಣವ್ವ, ಎಲ್ಲರನ್ನೂ ಕರಕೊಂಡು ಪಂಪಿನ ಮನೆಯೊಳಗೆ ಹೋಗು. ಮಳೆ ಬರುತ್ತದೆ, ಸಿಡಿಲೈತಿ."

"ಬಿಸಲು ಹಲ್ಲ ಕಿಸದ ನಿಂತೈತಿ, ಇಕಿ ಮಳಿ ಅಂತಾಳ. ಅರ್ಧ ಹೊಲ ಬಾಕಿ ಐತಿ, ಹೊಲದ ಗೌಡ ನನ್ನ ಸುಲೀತಾನ. ಎಲ್ಲಿ ಬರತೈತಿ, ಕೊನ್ನಿ ಚೋಟ್ಲನಾ?"

"ಅಲ್ಲ. ನೀ ನಿಂತ ಹೊಲಕ್ಕ."

ಅವಳು ಫೋನು ಕೈಯಲ್ಲೇ ಹಿಡಿದು ಕೂಗಿದ್ದು ಕೇಳಿಸಿತು. "ಲಕ್ಷ್ಮೀ! ಈರಮ್ಮಾ! ಜಲ್ದಿ ಏಳ್ರೇ! ಹುಸೇನಮ್ಮಾ... ಹುಸೇನಮ್ಮಾ! ಥೂ ಇಕಿ ಕಿವಿ..." ಅವಳು ಓಡುವ ಸದ್ದು, ಏದುಸಿರು, ಮತ್ತೆ ಹತ್ತಿರದಿಂದ, "ಹುಸೇನಮ್ಮಾ!" ಎಲ್ಲೋ ಒಂದು ಸಣ್ಣ ಓ. ಫೋನು ಕಟ್ಟಾಯಿತು.

ಪರದೆಯ ಮೇಲಿನ ಕೆಂಪನ್ನು ನೋಡುತ್ತ ಕುಳಿತೆ. ಬರದೆ ಹೋದರೆ ಸಣ್ಣವ್ವ ನನ್ನ ಮಾತನ್ನು ಇನ್ನು ನಂಬುವುದಿಲ್ಲ. ಬಂದರೆ? ಬರಲಿ ಎಂದು ಬೇಡಿಕೊಳ್ಳಬೇಕೋ, ಬೇಡ ಎಂದೋ ತಿಳಿಯಲಿಲ್ಲ.

ಸಂಜೆ ಅವಳೇ ಫೋನು ಮಾಡಿದಳು.

"ಬಂತವ್ವಾ. ಬಾಗಲಾ ಹಾಕೋದರಾಗ ಬಂತು. ಎರಡ ಸಿಡಿಲು ಇಲ್ಲೇ ಬಿದ್ದಾವ. ಹುಸೇನಮ್ಮ ನನ್ನ ತೊಡಿಮ್ಯಾಲ ಮಾರಿ ಇಟ್ಟು, ಉಳದ ಕಿವಿಗೆ ಸೆರಗು ತುರಕಿಕೊಂಡು ಕುಂತಿದ್ದಳು. ಎಲ್ಲಾರೂ ಚಲೋ ಅದಾರ."

ನಾನು ಪೆನ್ನು ತೆಗೆದು ಮಳೆ ಬಂದ ಹೊತ್ತನ್ನು ಗುರುತು ಹಾಕಿದೆ.

"ಶೇಂಗಾ ಮಾತ್ರ ತೊಯ್ದು ಹೋತು" ಎಂದಳು. "ಕಿತ್ತು ಗುಡ್ಡಿ ಹಾಕಿದ್ದೆಲ್ಲಾ. ತಾಡಪಾಲು ಹೊಚ್ಚಾಕ ಟೈಮ್ ಸಿಗಲಿಲ್ಲ. ಇನ್ನೊಂಚೂರು ಮುಂಚೇಕ ಹೇಳಾಕ ಬರಂಗಿಲ್ಲೇನು?"

"ಈ ರಾಡಾರಿನಿಂದ ಇಷ್ಟೇ ಸಣ್ಣವ್ವ. ಮೋಡ ದೊಡ್ಡದಾದ ಮೇಲೇ ಅದಕ್ಕೆ ಕಾಣೋದು. ಹುಟ್ಟುವಾಗಲೇ ಕಾಣಬೇಕಂದರೆ ಹತ್ತಿರದಲ್ಲಿ ಬೇಕು."

"ಆ ಜಪಾನದಾಗ ಹತ್ತಿರ ಐತೇನು?"

"ಐತಿ."

"ಅವರಿಗೆ ಎಷ್ಟ ಮುಂಚೇಕ ತಿಳೀತೈತಿ?"

ನಾನು ಅವಳಿಗೆ ಆ ಓಣಿಯ ಕಥೆ ಹೇಳಿದೆ. ಬಾಲ್ಕನಿಗಳು, ಕಾಟೋ ಸಾನಳ ಫೋನು, ಒಂದರ ಹಿಂದೊಂದು ಒಳಗೆ ಹೋದ ಹಾಸಿಗೆಗಳು, ಬಾಳೆಹಣ್ಣು ಹಿಡಿದು ತೊಯ್ದು ನಿಂತ ನಾನು. ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ.

"ಹಾಸಿಗೀಗೇನು?" ಎಂದಳು. "ಅವರ ಹಾಸಿಗಿ ತೊಯ್ಯಬಾರದಂತ ಮಶೀನ್ ಇಟ್ಟಾರ?"

"ಹೂಂ."

"ನಮ್ಮ ಹುಸೇನಮ್ಮನ ಕಿವಿಗಿಲ್ಲ, ಶೇಂಗಾಕಿಲ್ಲ. ಅವರ ಹಾಸಿಗೀಗೈತಿ." ಅವಳ ಉಸಿರು ಫೋನಿನಲ್ಲಿ ಬಿಸಿಯಾಗಿ ಕೇಳಿಸುತ್ತಿತ್ತು. ಈ ಉರಿಯನ್ನು ಅಷ್ಟು ದೂರದಿಂದ ನಾನೊಬ್ಬಳೇ ಹೊತ್ತುಕೊಂಡು ಬಂದಿದ್ದೆ ಎಂದುಕೊಂಡಿದ್ದೆ.

"ಮತ್ತ ಅರ್ಜಿ ಹಾಕತಿ, ಹೌದಲ್ಲೋ?"

"ಹಾಕ್ತೀನಿ."

"ಈ ಸಲ ಲೆಕ್ಕಾ ಪಕ್ಕಾ ಏನ ಬರದರೂ ಬರಿ. ಕೆಳಗ ನನ್ನ ಹೆಸರಲೆ ಒಂದ ಮಾತು ಸೇರಸು. ಮದ್ದಿಕೇರದ ಮೇಸ್ತ್ರಿಗಿ ನಿಮ್ಮ ಹಾಸಿಗಿ ನೋಡಿ ಹೊಟ್ಟಿ ಉರದೈತಿ ಅಂತ. ಬರಕೊಂಡೇನು?"

ಪೆನ್ನು ಕೈಯಲ್ಲೇ ಇತ್ತು. ಬರೆದುಕೊಂಡೆ.